ಆಂಟಾಪ್ ಹಿಲ್ಲಿನಲ್ಲಿ ನಾಲ್ಕು ಟಾಯರುಗಳ ಅಭ್ಯಂಜನ

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಅಳಿಯನನ್ನು ಮನೆಗೆ ಕರೆಯುವುದು ನಮ್ಮ ಕಡೆಯ ಪದ್ಧತಿ. ಕರೆದು, ಎಣ್ಣೆ ಹಚ್ಚಿ ನೀರೆರೆದು, ಆರತಿ ಮಾಡಿ, ಹೊಟ್ಟೆ ಬಿರಿಯುವಷ್ಟು ಉಣಿಸಿ, ಕೇಳಿದ್ದನ್ನು ಕೊಟ್ಟು ಕಳಿಸುತ್ತಾರೆ. ಅಳಿಯನಾದವನು ಆ ಎರಡು ಮೂರು ದಿನ ಕೂತಲ್ಲಿಂದ ಏಳಬೇಕಾಗಿಲ್ಲ. ಮುಂಬಯಿಯಿಂದ ನನ್ನ ಮಾವನವರೂ ಹಾಗೆಯೇ ಆದರದಿಂದ ಕಾಗದ ಬರೆದರು. ಆದರೆ ಕೊನೆಗೆ ಒಂದು ಸಾಲು ಸೇರಿಸಿದ್ದರು: "ಬರುವಾಗ ಟಾಯರಿನ ಗಾಳಿ ಅಳೆಯುವ ಗೇಜು ಮರೆಯದೆ ತರುವುದು."

ನಾನು ಧಾರವಾಡದ ಬಸ್ ಡಿಪೋದಲ್ಲಿ ಟಾಯರಿನ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಯಾವ ಬಸ್ಸಿಗೆ ಯಾವ ಟಾಯರು, ಯಾವುದನ್ನು ಇನ್ನೊಂದು ತಿಂಗಳು ದೂಡಬಹುದು, ಯಾವುದನ್ನು ಇವತ್ತೇ ಬಿಚ್ಚಬೇಕು ಎಂದು ಹೇಳುವುದು ನನ್ನ ಕೆಲಸ. ಮದುವೆಯ ಮಾತುಕತೆಯಲ್ಲಿ ನಮ್ಮ ತಂದೆ "ಹುಡುಗ ಮೋಟಾರ್ ಲೈನಿನ್ಯಾಗ ಇದ್ದಾನ" ಎಂದದ್ದು ಮಾವನವರ ತಲೆಯಲ್ಲಿ ಭದ್ರವಾಗಿ ಕೂತುಬಿಟ್ಟಿತ್ತು. ಹಬ್ಬಕ್ಕೆ ಕರೆದು ಗೇಜು ತಾ ಅನ್ನುತ್ತಾರಲ್ಲ, ಇದೆಂಥ ಮಾವ ಎಂದು ನನಗೆ ಸಿಟ್ಟು ಬಂತು. ಆದರೂ ಗೇಜನ್ನು ಪಂಚೆಯಲ್ಲಿ ಸುತ್ತಿ, ಪೇಢೆಯ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡು ರೈಲು ಹತ್ತಿದೆ. ಹೆಂಡತಿ ಸುಶೀಲಾ ಎಂಟು ದಿನ ಮೊದಲೇ ತವರಿಗೆ ಹೋಗಿದ್ದಳು.

ಆಗಿನ್ನೂ ಧಾರವಾಡ ಮುಂಬಯಿ ರಾಜ್ಯದಲ್ಲೇ ಇತ್ತು. ಹಾಗೆಂದು ದಾರಿಯೇನೂ ಕಡಿಮೆಯಾಗಿರಲಿಲ್ಲ. ಥರ್ಡ್ ಕ್ಲಾಸಿನಲ್ಲಿ ಹಬ್ಬದ ಜನ ಹಲಗೆಯ ಕೆಳಗೂ ಮಲಗಿದ್ದರು. ಬೆಳಗಾವಿಯಲ್ಲಿ ಹತ್ತಿದ ವ್ಯಾಪಾರಿಯೊಬ್ಬ ತನ್ನ ಗಂಟನ್ನು ನನ್ನ ಕಾಲ ಮೇಲೆ ಇಟ್ಟವನು ಮಿರಜದವರೆಗೂ ತೆಗೆಯಲಿಲ್ಲ. ಪುಣೆಯಲ್ಲಿ ಗಾಡಿ ಬದಲಿಸಿದೆ. ಕರ್ಜತ್ ಸ್ಟೇಷನ್ನಿನಲ್ಲಿ ಬಟಾಟೆವಡೆ ಬಿಸಿಯಾಗಿ ಸಿಕ್ಕಿತು, ಜೊತೆಗೆ ಒಂದಾಣೆಯ ಚಹಾ. ಅಲ್ಲಿಂದ ಮುಂದೆ ಸೆಕೆ ಶುರುವಾಯಿತು. ದಾದರಿನಲ್ಲಿ ಇಳಿಯುವ ಹೊತ್ತಿಗೆ ನನ್ನ ಕೋಟು ಬೆನ್ನಿಗೆ ಅಂಟಿತ್ತು.

ಮಾವನವರು ಪ್ಲಾಟ್‌ಫಾರ್ಮಿನಲ್ಲಿ ಕೊಡೆ ಹಿಡಿದು ನಿಂತಿದ್ದರು. ಅವರು ಪರೇಲಿನ ಒಂದು ಬಟ್ಟೆಯ ಗಿರಣಿಯಲ್ಲಿ ಹೆಡ್ ಕ್ಲರ್ಕು. ಸ್ವಭಾವದಲ್ಲಿ ಬಲು ಸಾವಕಾಶ. ಒಂದು ಪತ್ರಕ್ಕೆ ಸಹಿ ಹಾಕುವ ಮೊದಲು ಮೂರು ಸಲ ಓದಿ, ಎದ್ದು ಹೋಗಿ ನೀರು ಕುಡಿದು ಬಂದು, ಮತ್ತೊಮ್ಮೆ ಓದುವವರು. ರಸ್ತೆ ದಾಟಬೇಕಾದರೆ ಎರಡೂ ಕಡೆ ನೋಡಿ, ಆಮೇಲೆ ಆಕಾಶವನ್ನೂ ನೋಡುತ್ತಿದ್ದರು. ನನ್ನ ಸಾಮಾನು ಎರಡೇ ಇದ್ದರೂ ಮತ್ತೆ ಮತ್ತೆ ಎಣಿಸಿದರು.

"ಗೇಜು ತಂದೀರೇನ್ರಿ?" ಇದು ಅವರ ಮೊದಲ ಮಾತು.

"ತಂದೀನ್ರಿ. ಯಾತಕ್ಕ ಅಂತ ಕೇಳಬಹುದೇನ್ರಿ?"

"ನಡ್ರಿ, ಟ್ರಾಮಿನ್ಯಾಗ ಹೇಳ್ತೀನಿ."

ಟ್ರಾಮಿನಲ್ಲಿ ಹೇಳಿದರು. "ವಾಮನರಾವ್, ಡಿಸೆಂಬರಿಗೆ ನನ್ನ ನೌಕರಿ ಮುಗೀತದ. ಮಗನ ಎಂಜಿನಿಯರಿಂಗ್ ಇನ್ನೂ ಎರಡು ವರ್ಷ ಬಾಕಿ ಅದ. ಅದಕ್ಕ ಎರಡು ವರ್ಷ ಎಕ್ಸ್‌ಟೆನ್ಶನ್ ಕೇಳೀನಿ. ಅದು ದೊಡ್ಡ ಸಾಹೇಬ್ರ ಕೈಯಾಗ ಅದ. ಸಾಹೇಬ್ರ ಜೀವ ಅವರ ಕಾರಿನ್ಯಾಗ ಅದ. ಕಾರಿನ ಜೀವ ಟಾಯರಿನ್ಯಾಗ ಅದ. ಟಾಯರು ಈಗ ನಿಮ್ಮ ಕೈಯಾಗ ಅವ."

ಸಂಗತಿ ಇಷ್ಟು. ಗಿರಣಿಯ ದೊಡ್ಡ ಸಾಹೇಬರು ಮೂರು ತಿಂಗಳ ಹಿಂದೆ ವಿಲಾಯತಿಗೆ ಹೋಗುವಾಗ, ತಮ್ಮ ಓಟದ ಕಾರಿಗೆ ಹೊಸ ಟಾಯರು ಹಾಕಿಸಿಡಿ ಎಂದು ಮಾವನವರಿಗೆ ಹೇಳಿ ಹೋಗಿದ್ದರು. ಮಾವ ಮೂರು ತಿಂಗಳೂ ಯಾವ ಟಾಯರು ಎಂದು ವಿಚಾರ ಮಾಡಿದರು. ಈಗ ತಂತಿ ಬಂದಿತ್ತು. ಮರುದಿನ, ಅಂದರೆ ನರಕ ಚತುರ್ದಶಿಯ ದಿನ, ಮಧ್ಯಾಹ್ನ ಸಾಂತಾಕ್ರೂಜಿನಲ್ಲಿ ಸಾಹೇಬರ ವಿಮಾನ ಇಳಿಯುತ್ತದೆ. ಕಾರು ಅಲ್ಲಿ ಸಿದ್ಧವಿರಬೇಕು. ಅವರೇ ಓಡಿಸಿಕೊಂಡು ಬರುತ್ತಾರೆ.

ಮನೆಗೆ ಹೋಗಿ ಕೈಕಾಲು ತೊಳೆಯಲೂ ಬಿಡದೆ ನನ್ನನ್ನು ನೇರ ಪರೇಲಿಗೆ ಕರೆದೊಯ್ದರು. ಗಿರಣಿಯ ಗ್ಯಾರೇಜಿನಲ್ಲಿ ಕಾರು ಗೋಣಿಬಟ್ಟೆ ಹೊದ್ದು ನಿಂತಿತ್ತು. ಬಟ್ಟೆ ಸರಿಸಿದೆ. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಚಕ್ರಗಳಿಗೆ ಸೈಕಲ್ಲಿನ ಹಾಗೆ ತಂತಿಯ ಕಡ್ಡಿಗಳು. ನನ್ನ ಸೊಂಟದಷ್ಟು ಎತ್ತರ ಅಷ್ಟೇ. ಇಷ್ಟು ಚೆಲುವಾದ ಗಾಡಿಯನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಬಗ್ಗಿ ಟಾಯರು ನೋಡಿದೆ. ನಮ್ಮ ಡಿಪೋದಲ್ಲಿ ಇಂಥದನ್ನು ಬಾವಿಯ ಕಟ್ಟೆಗೆ ಸಹ ಕಟ್ಟುತ್ತಿರಲಿಲ್ಲ, ಅಷ್ಟು ನುಣ್ಣಗಾಗಿದ್ದವು.

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಮಾಲೀಕ ನಮ್ಮ ಮಾತು ಕೇಳಿ ಕನ್ನಡದಲ್ಲೇ ಶುರುಮಾಡಿದ. ಉಡುಪಿ ಕಡೆಯವನು, ಮಾತಿನಲ್ಲಿ ಬಲು ಜೋರು. ಮೊದಲು ರಬ್ಬರು ಹೊಸದಾಗಿ ಅಂಟಿಸಿದ ಹಳೆಯ ಟಾಯರು ತಂದ.

"ಇದು ಹೊಸದರ ಅಪ್ಪನ ಹಾಗೆ ಉಂಟು ಮಾರಾಯ್ರೆ. ಅರ್ಧ ರೇಟು."

"ಇದನ್ನ ಬಸ್ಸಿಗೆ ಹಾಕ್ತೀವ್ರಿ," ಎಂದೆ. "ಬಸ್ಸು ಭಾರ ಹೊರತದ, ಜೋರು ಓಡೂದಿಲ್ಲ. ಈ ಕಾರಿನ ಸಾಹೇಬ್ರು ಪುಣೆ ರಸ್ತೆಯಾಗ ಎಂಬತ್ತು ಮೈಲಿನ ಮ್ಯಾಲೆ ಹೊಡೀತಾರಂತ. ಕಾದು ಕಾದು ಅಂಟಿಸಿದ್ದು ಸುಲಿದು ಬರ್ತದ."

ಆಮೇಲೆ ದಪ್ಪನೆಯ ಟಾಯರು ತಂದು, ಇದು ಗಟ್ಟಿ, ಹತ್ತು ವರ್ಷ ಬರುತ್ತದೆ ಎಂದ. ಮಾವನವರ ಮುಖ ಅರಳಿತು. ಅದು ಲಾರಿಯ ಜಾತಿ, ಅಳತೆಯೂ ಬೇರೆ, ತಿರುವಿನಲ್ಲಿ ಮಡ್‌ಗಾರ್ಡಿಗೆ ತಿಕ್ಕುತ್ತದೆ ಎಂದು ನಾನು ತಲೆಯಾಡಿಸಿದೆ. ಮೂರನೆಯ ಸಲ ಸರಿಯಾದ ಅಳತೆಯ, ವೇಗಕ್ಕೆಂದೇ ಮಾಡಿದ ಟಾಯರು ಬಂದವು. ಎರಡು ಒಳಗಿನಿಂದ, ಎರಡು ಬಾಗಿಲಲ್ಲಿ ಜನರಿಗೆ ಕಾಣಲೆಂದು ತೂಗುಹಾಕಿದ್ದವು. ತೂಗುಹಾಕಿದ್ದನ್ನು ಕೈಯಲ್ಲಿ ಬಗ್ಗಿಸಿ ನೋಡಿದೆ. ಬಿಸಿಲಿಗೆ ಪಕ್ಕದ ರಬ್ಬರು ಸಣ್ಣಗೆ ಬಿರುಕು ಬಿಟ್ಟಿತ್ತು.

"ಅದು ಡಿಸೈನು," ಎಂದ ಉಡುಪಿಯವನು.

"ಹಂಗಾದ್ರ ಡಿಸೈನು ಇಲ್ಲದ್ದು ಕೊಡ್ರಿ."

ಅವನು ನಕ್ಕು, "ನೀವು ಸಾಮಾನ್ಯ ಜನ ಅಲ್ಲ ಮಾರಾಯ್ರೆ," ಎಂದು ಗೋಡೌನಿನಿಂದ ಬೇರೆ ಎರಡು ತರಿಸಿದ. ನಾಲ್ಕೂ ಒಂದೇ ಅಳತೆ, ಒಂದೇ ನಮೂನೆ. ಹಳೆಯ ಟ್ಯೂಬು ಇನ್ನೂ ನಡೆಯುತ್ತದೆ ಎಂದು ಮಾವ ವಾದಿಸಿದರು. ಕೇಳದೆ ಹೊಸ ಟ್ಯೂಬು, ಕಡ್ಡಿಯ ತುದಿಗಳು ಟ್ಯೂಬಿಗೆ ಚುಚ್ಚದಂತೆ ಚಕ್ರದ ಒಳಗೆ ಸುತ್ತುವ ರಬ್ಬರಿನ ಪಟ್ಟಿ, ಎಲ್ಲ ಕೊಂಡೆವು. ಅಂಗಡಿಯಲ್ಲೇ ಹಾಕಿಸೋಣವೆಂದರೆ ಹಬ್ಬಕ್ಕೆ ಅವನ ಆಳುಗಳು ಊರಿಗೆ ಹೋಗಿದ್ದರು. ಗಿರಣಿಯ ಮಿಸ್ತ್ರಿ ಬೆಳಿಗ್ಗೆ ಬರುತ್ತೇನೆಂದಿದ್ದ. ಅಲ್ಲಿಯವರೆಗೆ ಟಾಯರುಗಳನ್ನು ಗ್ಯಾರೇಜಿನಲ್ಲಿ ಬಿಡಲು ಮಾವನವರಿಗೆ ಧೈರ್ಯ ಸಾಲಲಿಲ್ಲ. ನಾಲ್ಕನ್ನೂ ಕುದುರೆಗಾಡಿಯಲ್ಲಿ ಹೇರಿಕೊಂಡು ಆಂಟಾಪ್ ಹಿಲ್ಲಿನ ಮನೆಗೆ ಹೊರಟೆವು. ಒಂದು ನನ್ನ ತೊಡೆಯ ಮೇಲೆ, ಒಂದು ಮಾವನವರ ತೊಡೆಯ ಮೇಲೆ, ಎರಡು ಕಾಲ ಬಳಿ.

ಮಾವನವರ ಮನೆ ಸಾಲುಮನೆಗಳ ಒಂದು ಚಾಳಿನ ಮೊದಲ ಮಾಳಿಗೆಯಲ್ಲಿ, ಎರಡು ಖೋಲಿ. ಒಳಗಿನ ಖೋಲಿಯನ್ನು ಮಗಳು ಅಳಿಯನಿಗೆಂದು ತೊಳೆದು, ಹೊಸ ಚಾದರ ಹಾಸಿ ಇಟ್ಟಿದ್ದರು. ಬೀಗವಿದ್ದದ್ದೂ ಆ ಖೋಲಿಗೆ ಮಾತ್ರ. ಹೀಗಾಗಿ ಟಾಯರುಗಳೂ ಅಲ್ಲಿಗೇ ಬಂದವು. ಎಂಟು ದಿನ ನನ್ನ ದಾರಿ ನೋಡಿದ್ದ ಸುಶೀಲಾ ಮೂಗಿಗೆ ಸೆರಗು ಹಿಡಿದು, "ನೀವೂ ಇದ ವಾಸನಿ ಹೊಡೀತೀರಿ," ಎಂದು ಆ ಕಡೆ ಹೊರಳಿ ಮಲಗಿದಳು.

ನರಕ ಚತುರ್ದಶಿಯ ದಿನ ಸೂರ್ಯ ಹುಟ್ಟುವ ಮೊದಲು ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳದವನಿಗೆ ನರಕ ಎನ್ನುತ್ತಾರೆ. ನಸುಕಿನಲ್ಲೇ ಅತ್ತೆಯವರು ನನ್ನನ್ನು ಮಣೆಯ ಮೇಲೆ ಕೂರಿಸಿ, ಬಿಸಿ ಮಾಡಿದ ಎಣ್ಣೆಯನ್ನು ತಲೆಗೆ ತಟ್ಟಿ ತಟ್ಟಿ ಇಳಿಸಿದರು. ಸುಶೀಲಾ ಆರತಿ ಬೆಳಗಿದಳು. ಹೊರಗೆ ಪಟಾಕಿ ಶುರುವಾಗಿತ್ತು. ಇದಪ್ಪ ಹಬ್ಬ ಅಂದರೆ ಎಂದು ನನ್ನ ಸಿಟ್ಟೆಲ್ಲ ಇಳಿಯಿತು. ಹಂಡೆಯ ನೀರು ಕಾಯಲೆಂದು ಸ್ವಲ್ಪ ಹೊತ್ತು ಕೂತೆ. ಆಮೇಲೆ ಟವೆಲ್ ತರಲು ಒಳಗೆ ಹೋದೆ.

ಗೋಡೆಗೆ ಒರಗಿಸಿದ್ದ ನಾಲ್ಕೂ ಟಾಯರುಗಳು ದೀಪದ ಬೆಳಕಿನಲ್ಲಿ ಮಿರಿಮಿರಿ ಮಿಂಚುತ್ತಿದ್ದವು. ಒಂದೊಂದಕ್ಕೂ ಕುಂಕುಮದ ಬೊಟ್ಟು. ಅತ್ತೆ ನಾಲ್ಕನೆಯದರ ಮುಂದೆ ಕೂತು ಅಂಗೈಯಿಂದ ತಿಕ್ಕುತ್ತಿದ್ದರು.

"ಅತ್ತೀಯವ್ರ, ಇವಕ್ಕ ಏನು ಹಚ್ಚೀರಿ?"

"ಎಣ್ಣಿ. ಇವತ್ತ ಮತ್ತೇನು ಹಚ್ತಾರ? ಇವೂ ನಿಮ್ಮಂಗ ಹೊಸದಾಗಿ ಮನಿಗೆ ಬಂದಾವ. ನಿಮಗ ಹಚ್ಚಿ ಇವಕ್ಕ ಬಿಟ್ಟು, ನಾಳೆ ಏನರೆ ಹೆಚ್ಚುಕಮ್ಮಿ ಆದ್ರ? ಇವರ ನೌಕರಿ ಇವುಗಳ ಮ್ಯಾಲೆ ನಿಂತದ ಅಂತ ನೀವ ಮಾತಾಡಿದ್ರಿ. ಮೊದಲು ಬರೇ ಬೊಟ್ಟು ಇಟ್ಟೆ. ಜಿಪುಣತನ ಅನ್ನಿಸ್ತು. ಮೈತುಂಬ ಹಚ್ಚಿದೆ."

ಮಾವನವರು ಬಂದು ನೋಡಿ, "ಚಲೋ ಕಾಣ್ತಾವ," ಎಂದರು.

"ಮಾವನವ್ರ, ಎಣ್ಣಿ ಕಾಲಿಲೆ ಬಚ್ಚಲಿನ್ಯಾಗ ನಡೆದ್ರ ಏನಾಗ್ತದ? ಇವತ್ತ ಮಧ್ಯಾಹ್ನ ನಿಮ್ಮ ಸಾಹೇಬ್ರಿಗೆ ಅದ ಆಗ್ತದ. ಮ್ಯಾಲೆ ಎಣ್ಣಿ ರಬ್ಬರಿಗೆ ವೈರಿ."

ಮಾವ ಅಲ್ಲೇ ಹಾಸಿಗೆಯ ಮೇಲೆ ಕೂತುಬಿಟ್ಟರು. ಅತ್ತೆ ಮಾತ್ರ ಕೈ ಒರೆಸಿಕೊಂಡು ಎದ್ದರು. "ಅದಕ್ಯಾಕ ಇಷ್ಟು ಮುಖ ಸಣ್ಣ ಮಾಡ್ತೀರಿ? ಎಣ್ಣಿ ಹಚ್ಚಿದವರಿಗೆ ಏನು ಮಾಡ್ತಾರ? ಎರೀತಾರ. ಸೀಗೀಕಾಯಿ ಅದ, ಕಡ್ಲಿಹಿಟ್ಟು ಅದ, ಬಿಸಿನೀರು ಕಾದದ. ಎತ್ತಿಕೊಂಡು ಬರ್ರಿ."

ಹಾಗೆ ಆಂಟಾಪ್ ಹಿಲ್ಲಿನ ಆ ಚಾಳಿನ ಮೋರಿಯಲ್ಲಿ, ಅಂದರೆ ಬಚ್ಚಲಲ್ಲಿ, ನಾಲ್ಕು ವಿಲಾಯತಿ ಟಾಯರುಗಳಿಗೆ ಶಾಸ್ತ್ರೋಕ್ತವಾಗಿ ಅಭ್ಯಂಜನವಾಯಿತು. ಅತ್ತೆ ಸೀಗೆಪುಡಿ ಹಾಕಿ ತಿಕ್ಕುವುದು, ಸುಶೀಲಾ ನೀರು ಹೊಯ್ಯುವುದು, ನಾನು ಗೀರುಗಳ ಒಳಗೆಲ್ಲ ತೆಂಗಿನ ನಾರಿನಿಂದ ಉಜ್ಜುವುದು. ನೆರೆಯವರು ಪಟಾಕಿ ಬಿಟ್ಟು ಬಂದು ಸುತ್ತ ನಿಂತರು. ಮದರಾಸಿನ ಕಡೆಯ ಅಜ್ಜಿಯೊಬ್ಬರು, ಇದು ನಿಮ್ಮ ಧಾರವಾಡದ ಪದ್ಧತಿಯೋ ಎಂದು ಹಿಂದಿಯಲ್ಲಿ ಕೇಳಿದರು. ಮಾವ ಹೌದೆಂದುಬಿಟ್ಟರು. ರಬ್ಬರಿನ ಮೇಲೆ ಬೆರಳು ಎಳೆದರೆ ಜಾರದೆ ಹಿಡಿಯುವವರೆಗೆ ನಾನು ಬಿಡಲಿಲ್ಲ. ಅಷ್ಟರಲ್ಲಿ ಹಂಡೆಯ ನೀರು ಮುಗಿದಿತ್ತು, ನಗರಪಾಲಿಕೆಯ ನಲ್ಲಿಯೂ ನಿಂತಿತ್ತು, ಸೂರ್ಯನೂ ಹುಟ್ಟಿದ್ದ. ಎಣ್ಣೆಯ ತಲೆಯ ಮೇಲೆ ಟೊಪ್ಪಿಗೆ ಇಟ್ಟುಕೊಂಡು ನಾನು ಮಾವನವರೊಡನೆ ಟಾಯರು ಹೇರಿಕೊಂಡು ಪರೇಲಿಗೆ ಹೊರಟೆ. ಆ ವರ್ಷ ನರಕ ತಪ್ಪಿದ್ದು ಟಾಯರುಗಳಿಗೆ ಮಾತ್ರ.

ಗ್ಯಾರೇಜಿನಲ್ಲಿ ಮಿಸ್ತ್ರಿ ಕಾರಿನ ಚಕ್ರಗಳನ್ನು ಬಿಚ್ಚಿ, ನಡುವಿನ ದೊಡ್ಡ ನಟ್ಟುಗಳನ್ನೆಲ್ಲ ಒಂದೇ ಡಬ್ಬಿಯ ಸೀಮೆಎಣ್ಣೆಯಲ್ಲಿ ಹಾಕಿದ್ದ. ಆ ಜಾತಿಯ ಕಾರಿನಲ್ಲಿ ಎಡಗಡೆಯ ನಟ್ಟು ಒಂದು ದಿಕ್ಕಿಗೆ ಬಿಗಿಯಾದರೆ ಬಲಗಡೆಯದು ಅದರ ವಿರುದ್ಧ ದಿಕ್ಕಿಗೆ. ಅದಲುಬದಲು ಮಾಡಿ ಬಡಿದು ಕೂರಿಸಿದರೆ ನಟ್ಟಿನೊಳಗಿನ ಸುರುಳಿ ಎಳೆ ಕೆಟ್ಟು, ಓಡುವಾಗ ಚಕ್ರ ಕಳಚಿ ಹೋಗುತ್ತದೆ. ಎಳೆ ನೋಡಿ ನೋಡಿ ಬೇರೆ ಮಾಡಿದೆ. ಮತ್ತೆ ಬೆರೆಯದಂತೆ ಎಡಗಡೆಯವು ಮಾವನವರ ಎಡಗೈಗೆ, ಬಲಗಡೆಯವು ಬಲಗೈಗೆ ಕೊಟ್ಟೆ. ಕೆಲಸ ಮುಗಿಯುವವರೆಗೆ ಆ ಮನುಷ್ಯ ಎರಡೂ ಕೈ ಚಾಚಿಕೊಂಡು ಅಲ್ಲಾಡದೆ ನಿಂತರು. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈ ಬದಲಿಸುತ್ತಿದ್ದರು.

ಪಟ್ಟಿ ಸುತ್ತಿ, ಟ್ಯೂಬಿಗೆ ಬಿಳಿಪುಡಿ ಹಚ್ಚಿ, ಮಡಿಕೆ ಬೀಳದಂತೆ ಸ್ವಲ್ಪ ಗಾಳಿ ಹಿಡಿಸಿ ಕೂರಿಸಿದೆವು. ಪ್ರತಿ ಚಕ್ರವನ್ನೂ ಎತ್ತಿ ತಿರುಗಿಸಿ, ಭಾರದ ಬದಿ ಕೆಳಗೆ ಬಂದು ನಿಂತಾಗ ಎದುರಿನ ಕಡ್ಡಿಗೆ ಸೀಸದ ತಂತಿ ಸುತ್ತಿ ಸಮ ಮಾಡಿದೆ. ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿ ಮಾಡಿ, ಕೊನೆಗೆ ಧಾರವಾಡದ ಗೇಜಿನಿಂದ ಗಾಳಿ ನೋಡಿದೆ. ಎಲ್ಲ ಸರಿಯಿತ್ತು.

"ಇನ್ನೊಂದು ಮಾತು, ಮಾವನವ್ರ. ಹೊಸ ಟಾಯರಿನ ಮೈ ನುಣುಪು ಇರತದ. ಮೊದಲ ನೂರು ಮೈಲು ಸಾವಕಾಶ ಓಡಿಸಬೇಕು. ಸಾಹೇಬ್ರಿಗೆ ಹೇಳ್ರಿ."

ಮಾವನವರ ಮುಖದ ಬಣ್ಣ ಹೋಯಿತು. "ಅವರಿಗೆ ಸಾವಕಾಶ ಅಂತ ಹೇಳಿದವರು ಯಾರೂ ಗಿರಣಿಯೊಳಗ ಉಳಿದಿಲ್ಲ. ಹಿಂದಿನ ಡ್ರೈವರ್ ಒಮ್ಮೆ ಅಂದ. ಮರುದಿನ ಅವನ ಹಿಸಾಬು ಮುಗೀತು. ನೀವೂ ಅನಬ್ಯಾಡ್ರಿ. ಅವಕಾಶ ಸಿಕ್ರ ನನ್ನ ಎಕ್ಸ್‌ಟೆನ್ಶನ್ ಮಾತು ಹಗೂರಕ ತೆಗೀರಿ, ಅಷ್ಟ."

ಈಗಿನ ಡ್ರೈವರ್ ಕಾರನ್ನು ಮೆಲ್ಲಗೆ ಸಾಂತಾಕ್ರೂಜಿಗೆ ತಂದ. ಅವನ ಪಕ್ಕ ನಾನು ಬಂದೆ, ಮಾವ ಲೋಕಲ್ ಹಿಡಿದು ಬಂದರು. ಅಲ್ಲಿ ಇನ್ನೊಮ್ಮೆ ನಟ್ಟುಗಳನ್ನು ಬಡಿದು ನೋಡಿದೆ. ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ದೊಡ್ಡ ಸಾಹೇಬರು ಮರಾಠಿಯವರು, ಎತ್ತರದ ಆಳು, ಮಾತು ಕಡಿಮೆ. ಯಾರ ಕಡೆಯೂ ನೋಡದೆ ನೇರ ಕಾರಿನ ಬಳಿಗೆ ಹೋಗಿ ಸುತ್ತು ಹಾಕಿದರು. ಮೂಗು ಅರಳಿಸಿ ಏನನ್ನೋ ಮೂಸಿದರು. ಟಾಯರು ಆರಿಸಿದ್ದು ತಮ್ಮ ಅಳಿಯ, ಮೋಟಾರ್ ಲೈನಿನವನು ಎಂದು ಮಾವ ಕೈಮುಗಿದು ಹೇಳಿದರು. "ಹಾಗಾದರೆ ಇವನೇ ಕೂರಲಿ," ಎಂದರು ಸಾಹೇಬರು. ಸಾಮಾನಿನ ಜೊತೆ ಮಾವ ಮತ್ತು ಡ್ರೈವರ್ ಟ್ಯಾಕ್ಸಿ ಹತ್ತಿದರು.

ಘೋಡಬಂದರ್ ರೋಡಿಗೆ ಬಂದ ಕೂಡಲೇ ಸಾಹೇಬರು ಕಾಲು ಒತ್ತಿದರು. ನನ್ನ ಟೊಪ್ಪಿಗೆ ಹಾರಿ ಹೋಯಿತು. ಖಾರ್ ಸ್ಟೇಷನ್ನಿನ ಕಡೆ ಒಂದು ತಿರುವಿನಲ್ಲಿ ಹಿಂದಿನ ಚಕ್ರಗಳು ತುಸು, ಒಂದೇ ತುಸು, ಪಕ್ಕಕ್ಕೆ ಸರಿದದ್ದು ನನ್ನ ಸೊಂಟಕ್ಕೆ ಗೊತ್ತಾಯಿತು. ಸಾಹೇಬರಿಗೆ ಅದು ಖುಷಿ. ಮುಂದೆ ಬಾಂದ್ರಾ, ಅದರಾಚೆ ಎರಡೂ ಕಡೆ ನೀರಿರುವ ಮಾಹಿಮ್ ಕಾಜ್‌ವೇ. ನಾನು ಮನೆದೇವರನ್ನು ನೆನೆದೆ, ಆಮೇಲೆ ಅತ್ತೆಯವರನ್ನೂ ನೆನೆದೆ.

ಸಾಹೇಬರು ಒಮ್ಮೆ ನನ್ನ ಕಡೆ ತಿರುಗಿದರು. ಟೊಪ್ಪಿಗೆ ಹೋದ ತಲೆಯಿಂದ ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು.

"ಪಹಿಲಾ ದಿವಾಳಸಣ್?" ಎಂದು ಕೇಳಿದರು. ಅಳಿಯನ ಮೊದಲ ದೀಪಾವಳಿಯೇ ಎಂದು. ಅವರಲ್ಲೂ ಅದೇ ಪದ್ಧತಿ. ನಾನು ಹೌದೆಂದೆ.

"ಮತ್ತೆ ತಲೆಗೆ ನೀರೇ ಬಿದ್ದಿಲ್ಲವಲ್ಲ. ನನ್ನ ಕೆಲಸಕ್ಕೆ ಹಬ್ಬದ ಅಳಿಯನನ್ನು ಎಬ್ಬಿಸಿದರೋ? ನಿನ್ನ ಮಾವನ ಬದಲು ನಾನೇ ಕೊಡುತ್ತೇನೆ. ಒಂದು ಕೇಳು. ಇಲ್ಲ ಅನ್ನುವುದಿಲ್ಲ."

ಬಾಯಿ ತೆರೆದೆ. ಎರಡು ವರ್ಷದ ಎಕ್ಸ್‌ಟೆನ್ಶನ್ ನಾಲಗೆಯ ತುದಿಯಲ್ಲಿತ್ತು. ಒಂದೇ ಮಾತು ಸಾಕಿತ್ತು. ಅಷ್ಟರಲ್ಲಿ ಬಾಂದ್ರಾದ ಮಸೀದಿ ಸರ್ರನೆ ಹಿಂದೆ ಹೋಯಿತು, ಕಾಜ್‌ವೇಯ ತಿರುವು ಎದುರಿಗೆ ಬಂತು.

"ಸಾಹೇಬ್ರ, ಸಾವಕಾಶ ಓಡಿಸ್ರಿ," ಎಂದೆ. ಹೆದರಿಕೆಯಲ್ಲಿ ಅದು ಕನ್ನಡದಲ್ಲಿ ಬಂತು. ಮರಾಠಿಯಲ್ಲಿ ಮತ್ತೆ ಹೇಳಿದೆ. "ಟಾಯರು ಹೊಸವು. ನೂರು ಮೈಲು ಆಗುವವರೆಗೆ ಹಿಡಿತ ಬರುವುದಿಲ್ಲ."

ಸಾಹೇಬರು ಕಾಲು ಎತ್ತಿದರು. ಕಾಜ್‌ವೇ ಮೇಲೆ ನಾವು ಎಷ್ಟು ಮೆಲ್ಲಗೆ ಹೋದೆವೆಂದರೆ ಸೈಕಲ್ಲಿನವನೊಬ್ಬ ನಮ್ಮ ಪಕ್ಕದಲ್ಲೇ ಬಂದು ಕಾರಿನ ಬೆಲೆ ಕೇಳಿದ. ಮಾಹಿಮಿನಲ್ಲಿ ಮಾವನವರ ಟ್ಯಾಕ್ಸಿ ನಮ್ಮನ್ನು ದಾಟಿತು. ಕಿಟಕಿಯಲ್ಲಿ ಅವರ ಮುಖ ಕಂಡಿತು. ಸಾಹೇಬರು ಸಾವಕಾಶ ಹೋಗುವುದನ್ನು ಅವರು ಎಂದೂ ಕಂಡಿರಲಿಲ್ಲ. ಕಾರು ಕೆಟ್ಟಿತು, ನೌಕರಿ ಹೋಯಿತು ಎಂದೇ ತಿಳಿದರು ಪಾಪ. ಅವರ ಮಗನ ಓದಿಗೆ ಎರಡು ವರ್ಷ ಸಿಗುತ್ತಿದ್ದದ್ದನ್ನು ನನ್ನ ಜೀವದ ಆಸೆಗೆ ಕಳೆದೆನಲ್ಲ ಎಂದು ನಾನೂ ಹಳಹಳಿಸಿದೆ.

"ಅದೇನು ವಾಸನೆ?" ಎಂದರು ಸಾಹೇಬರು ದಾದರಿನ ಹತ್ತಿರ. ಇನ್ನು ಮುಚ್ಚಿಡುವುದೇನು ಎಂದು ಎಲ್ಲ ಹೇಳಿಬಿಟ್ಟೆ. ಎಣ್ಣೆ, ಸೀಗೆಕಾಯಿ, ಕಡಲೆಹಿಟ್ಟು, ಎರಡೂ ಕೈಯಲ್ಲಿ ನಟ್ಟು ಹಿಡಿದು ನಿಂತ ಮಾವ, ಮೂಗಿನ ಮೇಲಿನ ನೊಣ. ಅವರ ಭುಜ ಅಲುಗತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಗಿರಣಿಯ ಗೇಟಿನಲ್ಲಿ ಮಾವ ಕಣ್ಣು ಮುಚ್ಚಿ ನಿಂತಿದ್ದರು. ಸಾಹೇಬರು ಇಳಿದು ಅವರ ಎದುರು ಹೋದರು.

"ರಾವ್‌ಸಾಹೇಬ, ನೂರು ಮೈಲು ಸಾವಕಾಶ ಹೋಗಬೇಕಂತೆ. ನಾಲ್ಕು ಮೈಲಿಗೇ ನನಗೆ ಸಾಕಾಯಿತು. ಉಳಿದದ್ದು ಡ್ರೈವರ್ ಓಡಿಸಲಿ, ಪಕ್ಕದಲ್ಲಿ ನೀವು ಕೂರಿ. ಸಾವಕಾಶದಲ್ಲಿ ನಿಮ್ಮನ್ನು ಮೀರಿಸುವವರು ಈ ಗಿರಣಿಯಲ್ಲಿ ಇಲ್ಲ."

"ಡಿಸೆಂಬರಿಗೆ ನನ್ನ..." ಎಂದು ಮಾವ ತೊದಲಿದರು.

"ಡಿಸೆಂಬರಿನ ಮಾತು ಬಿಡಿ. ಈ ಟಾಯರು ಸವೆಯುವವರೆಗೆ ನೀವು ಎಲ್ಲಿಗೂ ಹೋಗುವ ಹಾಗಿಲ್ಲ."

ಮಾವ ನನ್ನ ಕೈ ಹಿಡಿದುಕೊಂಡರು. ಸಾಹೇಬರು ಒಳಗೆ ಹೋಗಿ ಎಷ್ಟೋ ಹೊತ್ತಾದರೂ ಬಿಡಲಿಲ್ಲ.

ಮರುದಿನ ನನಗೆ ಬಿಸಿನೀರು ಸಿಕ್ಕಿತು, ಹೋಳಿಗೆ ಸಿಕ್ಕಿತು, ಜರಿ ಅಂಚಿನ ಪಂಚೆ ಸಿಕ್ಕಿತು. ಸುಶೀಲಾಳೂ ಈ ಕಡೆ ಹೊರಳಿದಳು. ಹೊರಡುವ ದಿನ ಬೆಳಿಗ್ಗೆ ಮಾವ ನನ್ನನ್ನು ಮೂಲೆಗೆ ಕರೆದು ಕೇಳಿದರು, "ಅಳಿಯಂದ್ರ, ಖರೇ ಹೇಳ್ರಿ, ಆ ಟಾಯರು ಎಷ್ಟು ದಿನ ಬಾಳ್ತಾವ?"

"ಸಾಹೇಬ್ರು ಹೊಡೆದ್ರ ಎಂಟು ತಿಂಗಳು. ಪಕ್ಕದಾಗ ನೀವು ಕೂತ್ರ ಎರಡು ವರ್ಷ ಮೋಸ ಇಲ್ಲ."

"ಎಣ್ಣಿ ಹಚ್ಚಿ ಎರೆದ್ರ ಇನ್ನೂ ಬಾಳ್ತಾವೇನ್ರಿ?" ಎಂದರು ಅತ್ತೆ ಒಳಗಿನಿಂದ.

ಅತ್ತೆಯೇ ದಾದರಿಗೆ ಬಂದು ನಮ್ಮಿಬ್ಬರನ್ನು ರೈಲು ಹತ್ತಿಸಿದರು. ಮಾವನಿಗೆ ಬರಲಾಗಲಿಲ್ಲ, ಟಾಯರಿನ ಡ್ಯೂಟಿ ಇತ್ತು. ಮಾಟುಂಗಾ ದಾಟಿದ ಮೇಲೆ ಹಳಿಯ ಪಕ್ಕಕ್ಕೇ ರಸ್ತೆ ಬಂತು. ಸುಶೀಲಾ ನನ್ನ ತೋಳು ಚಿವುಟಿ, "ಅಲ್ಲಿ ನೋಡ್ರಿ, ಅಪ್ಪ," ಎಂದಳು. ಹಸಿರು ಕಾರು ರಸ್ತೆಯ ಎಡ ಅಂಚಿನಲ್ಲಿ ಹೋಗುತ್ತಿತ್ತು. ಡ್ರೈವರಿನ ಪಕ್ಕ ಮಾವ ಕೊಡೆ ಬಿಚ್ಚಿ ಹಿಡಿದು ನೆಟ್ಟಗೆ ಕೂತಿದ್ದರು. ಎತ್ತಿನ ಗಾಡಿಯೊಂದು ಗಂಟೆ ಬಾರಿಸುತ್ತ ಅವರನ್ನು ದಾಟಿ ಮುಂದೆ ಹೋಯಿತು. ಡ್ರೈವರ್ ಕೈ ಎತ್ತಿ ಏನೋ ಕೇಳಿದ. ಮಾವ ಇನ್ನೂ ಸಾವಕಾಶ ಎಂಬಂತೆ ಅಂಗೈ ಆಡಿಸಿದರು.